ನಿರುದ್ಯೋಗ ವಿಮೆಯಲ್ಲಿ ‘ಸೌಲಭ್ಯ ವರ್ಷ’: ಅವಧಿ ಮುಗಿದ ಮೇಲಿನ ಹಕ್ಕಿನ ವಿಚಾರ

೧

ಇಪ್ಪತ್ತನೆಯ ಶತಮಾನದ ಯೂರೋಪಿನ ಚರಿತ್ರೆಯನ್ನು ಪದವಿ ತರಗತಿಗಳಲ್ಲಿ ಬೋಧಿಸುವಾಗ ಬ್ರಿಟನ್ನಿನ ೧೯೧೧ರ ರಾಷ್ಟ್ರೀಯ ವಿಮಾ ಶಾಸನವನ್ನು ನಾವು ತಪ್ಪದೆ ಹೆಸರಿಸುತ್ತೇವೆ. ನಿರುದ್ಯೋಗಿಗೆ ವಾರಕ್ಕೆ ೭ ಷಿಲಿಂಗು, ವರ್ಷವೊಂದರಲ್ಲಿ ಹೆಚ್ಚೆಂದರೆ ೧೫ ವಾರ: ಇಷ್ಟನ್ನು ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಇಷ್ಟನ್ನೇ ಒಪ್ಪಿಸುತ್ತಾರೆ. ಹದಿನಾರನೆಯ ವಾರದಲ್ಲಿ ಆ ಕಾರ್ಮಿಕನ ಪಾಡೇನು, ವರ್ಷ ತುಂಬಿದ ಮೇಲೂ ಕೆಲಸ ದೊರೆಯದಿದ್ದರೆ ಅವನ ಹಕ್ಕು ಮತ್ತೆ ಹುಟ್ಟುವುದೆ, ಹುಟ್ಟುವುದಾದರೆ ಯಾವ ಆಧಾರದ ಮೇಲೆ ಎಂಬ ಪ್ರಶ್ನೆಗಳು ತರಗತಿಯಲ್ಲಿ ಏಳುವುದು ವಿರಳ. ಈ ಪ್ರಶ್ನೆಗಳನ್ನೇ ಪ್ರಕೃತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಮೇಲುನೋಟಕ್ಕೆ ಇದು ಕಚೇರಿಯ ಗುಮಾಸ್ತರಿಗೆ ಸೇರಿದ ಅಲ್ಪ ವಿಷಯವೆಂದು ತೋರಬಹುದು. ಆದರೆ ನಿರುದ್ಯೋಗಿಗೆ ಕೊಡುವ ಹಣವು ಅವನು ದುಡಿದು ಸಂಪಾದಿಸಿಕೊಂಡ ಹಕ್ಕೋ, ಅಥವಾ ಅವನ ಕಷ್ಟವನ್ನು ಕಂಡು ರಾಜ್ಯವು ನೀಡುವ ನೆರವೋ ಎಂಬ ಮೂಲಭೂತ ಸಮಸ್ಯೆ ಬೇರೆಲ್ಲಿಯೂ ಇಷ್ಟು ಸ್ಪಷ್ಟವಾಗಿ ಎದ್ದು ನಿಲ್ಲುವುದಿಲ್ಲ. ಮೊದಲ ಕೋರಿಕೆಯ ದಿನ ಹಕ್ಕೂ ಕಷ್ಟವೂ ಜೊತೆಗೂಡಿಯೇ ಇರುತ್ತವೆ: ನಿನ್ನೆಯವರೆಗೆ ದುಡಿದವನು ಇಂದು ಕೆಲಸ ಕಳೆದುಕೊಂಡಿದ್ದಾನೆ. ವರ್ಷ ಕಳೆಯುವ ವೇಳೆಗೆ ಅವು ಬೇರ್ಪಡುತ್ತವೆ. ಕಷ್ಟವು ಮೊದಲಿಗಿಂತ ಹೆಚ್ಚಿರುತ್ತದೆ. ದುಡಿಮೆಯ ದಾಖಲೆಯಾದರೋ ಹಳೆಯದಾಗಿರುತ್ತದೆ, ಇಲ್ಲವೆ ಬರಿದಾಗಿರುತ್ತದೆ. ಆ ಘಟ್ಟದಲ್ಲಿ ಶಾಸನವು ಯಾವುದನ್ನು ನೋಡುತ್ತದೆ ಎಂಬುದರಿಂದ ಅದರ ಸ್ವಭಾವವನ್ನು ಅರಿಯಬಹುದು. ಮೊದಲು ಬ್ರಿಟನ್ನಿನ ಅನುಭವವನ್ನು ಸಂಗ್ರಹವಾಗಿ ಹೇಳಿ, ಈ ವ್ಯವಸ್ಥೆ ಅತ್ಯಂತ ವಿಸ್ತಾರವಾಗಿ ಬೆಳೆದಿರುವ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಕ್ರಮವನ್ನು ಅನಂತರ ವಿವರಿಸುವೆವು.

೨

೧೯೧೧ರ ಶಾಸನದ ಎರಡನೆಯ ಭಾಗವು ಕಟ್ಟಡ ಕೆಲಸ, ಹಡಗು ನಿರ್ಮಾಣ, ಯಂತ್ರ ನಿರ್ಮಾಣ, ಕಬ್ಬಿಣದ ಎರಕ, ವಾಹನ ನಿರ್ಮಾಣ ಮುಂತಾದ ಕೆಲವೇ ಉದ್ಯಮಗಳ ಸುಮಾರು ಇಪ್ಪತ್ತೆರಡು ಲಕ್ಷ ಕಾರ್ಮಿಕರಿಗೆ ಅನ್ವಯಿಸಿತು. ಕಾರ್ಮಿಕನೂ ಮಾಲೀಕನೂ ವಾರಕ್ಕೆ ತಲಾ ಎರಡೂವರೆ ಪೆನ್ನಿ ವಂತಿಗೆ ಕೊಡಬೇಕು; ಇಬ್ಬರ ವಂತಿಗೆಯ ಮೂರನೆಯ ಒಂದು ಪಾಲನ್ನು ಸರ್ಕಾರ ಸೇರಿಸುತ್ತಿದ್ದಿತು. ವಂತಿಗೆಯ ವಸೂಲು ೧೯೧೨ರ ಜುಲೈಯಲ್ಲಿ ಮೊದಲಾಗಿ, ೧೯೧೩ರ ಜನವರಿಯಲ್ಲಿ ಪರಿಹಾರ ನೀಡಿಕೆ ಆರಂಭವಾಯಿತು. ಇಲ್ಲಿ ಎರಡು ಮಿತಿಗಳಿದ್ದುದನ್ನು ಗಮನಿಸಬೇಕು. ಹನ್ನೆರಡು ತಿಂಗಳಲ್ಲಿ ೧೫ ವಾರಕ್ಕಿಂತ ಹೆಚ್ಚಿಗೆ ಪರಿಹಾರವಿಲ್ಲ ಎಂಬುದು ಒಂದು. ಐದು ವಾರದ ವಂತಿಗೆಗೆ ಒಂದು ವಾರದ ಪರಿಹಾರ ಎಂಬುದು ಇನ್ನೊಂದು. ಮೊದಲನೆಯದು ವರ್ಷದ ಲೆಕ್ಕ, ಎರಡನೆಯದು ದುಡಿಮೆಯ ಲೆಕ್ಕ. ವರ್ಷ ಹೊಸದಾದ ಮಾತ್ರಕ್ಕೆ ಹಕ್ಕು ಹೊಸದಾಗದು. ನಡುವೆ ದುಡಿದು ವಂತಿಗೆ ಕಟ್ಟಿದ್ದರೆ ಮಾತ್ರ ಹೊಸ ವರ್ಷಕ್ಕೆ ಅರ್ಥ ಉಂಟು.

ಈ ಶಾಸನವನ್ನು ರೂಪಿಸಿದವರ ಮನಸ್ಸಿನಲ್ಲಿದ್ದ ನಿರುದ್ಯೋಗಿಯು ಋತುಮಾನದ ಏರಿಳಿತಕ್ಕೆ ಸಿಕ್ಕಿ ಕೆಲವು ವಾರ ಕೆಲಸವಿಲ್ಲದೆ ಕುಳಿತವನು. ೧೯೦೯ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿಲಿಯಂ ಬೆವರಿಜ್ ನಿರುದ್ಯೋಗವನ್ನು ವ್ಯಕ್ತಿಯ ದೋಷವೆಂದು ಭಾವಿಸದೆ ಉದ್ಯಮದ ಸಮಸ್ಯೆಯೆಂದು ವಿವರಿಸಿದ್ದನು. ಹಾಗಿದ್ದರೂ ಅಂದಿನ ಚಿಂತಕರಾರೂ ಒಂದಿಡೀ ಪ್ರದೇಶದ ಗಣಿಗಳೂ ಹಡಗುಕಟ್ಟೆಗಳೂ ವರ್ಷಗಟ್ಟಲೆ ಮುಚ್ಚಿರುವ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ೧೯೨೦ರ ಶಾಸನವು ವಿಮೆಯನ್ನು ಒಂದು ಕೋಟಿಗೂ ಹೆಚ್ಚು ಕಾರ್ಮಿಕರಿಗೆ ವಿಸ್ತರಿಸಿದ ಬೆನ್ನಲ್ಲಿಯೇ ಅಂಥ ಸ್ಥಿತಿ ಒದಗಿತು. ೧೯೨೧ರಲ್ಲಿ ನಿರುದ್ಯೋಗಿಗಳ ಸಂಖ್ಯೆ ಇಪ್ಪತ್ತು ಲಕ್ಷವನ್ನು ಮೀರಿತು. ವಂತಿಗೆಯಿಂದ ಹುಟ್ಟಿದ ಹಕ್ಕು ತೀರಿಹೋದವರು ಅಸಂಖ್ಯರಾದರು. ಆಗ ಸರ್ಕಾರವು ವಂತಿಗೆಯ ಆಧಾರವಿಲ್ಲದ, ಮುಂದೆ ದುಡಿದು ತೀರಿಸಬಹುದೆಂಬ ನಿರೀಕ್ಷೆಯ ಮೇಲೆ ನೀಡುವ ಹೆಚ್ಚುವರಿ ಪರಿಹಾರವನ್ನು ಸೇರಿಸಬೇಕಾಯಿತು. ‘ಕರಾರಿಗೆ ಹೊರತಾದ ಪರಿಹಾರ’ ಎಂದು ಅದಕ್ಕೆ ಹೆಸರು. ವಿಮೆಯ ಲೆಕ್ಕಪುಸ್ತಕದಲ್ಲಿ ವಿಮೆಯಲ್ಲದ ಹಣ ಹೀಗೆ ಪ್ರವೇಶಿಸಿತು.

೧೯೨೭ರ ಶಾಸನವು ಹಿಂದಿನ ಎರಡು ವರ್ಷಗಳಲ್ಲಿ ೩೦ ವಂತಿಗೆ ಕಟ್ಟಿದವರಿಗೆ ಕಾಲಮಿತಿಯಿಲ್ಲದ ಪರಿಹಾರವನ್ನು ವಿಧಿಸಿ, ಉಳಿದವರನ್ನು ‘ಪರಿವರ್ತನಾ ಕಾಲದ ಪರಿಹಾರ’ ಎಂಬ ಬೇರೆ ವರ್ಗಕ್ಕೆ ಸೇರಿಸಿತು. ೧೯೩೧ರ ಆರ್ಥಿಕ ಮುಗ್ಗಟ್ಟಿನಲ್ಲಿ ಸರ್ಕಾರ ಮತ್ತೆ ೨೬ ವಾರಗಳ ಮಿತಿಯನ್ನು ತಂದಿತು. ಅದನ್ನು ದಾಟಿದವರ ಮನೆಗೆ ಸ್ಥಳೀಯ ಸಮಿತಿಯವರು ಬಂದು ಮಗನ ಗಳಿಕೆ, ಮಗಳ ಗಳಿಕೆ, ಉಳಿತಾಯ, ಸಾಮಾನು ಎಲ್ಲವನ್ನೂ ವಿಚಾರಿಸುವ ಆದಾಯ ಪರೀಕ್ಷೆ ಜಾರಿಗೆ ಬಂದಿತು. ಆ ಪರೀಕ್ಷೆಯ ಕಹಿ ನೆನಪು ಬ್ರಿಟನ್ನಿನ ಕಾರ್ಮಿಕ ಕುಟುಂಬಗಳಲ್ಲಿ ಬಹುಕಾಲ ಉಳಿಯಿತು. ಇಪ್ಪತ್ತಾರನೆಯ ವಾರದವರೆಗೆ ಹಕ್ಕುದಾರನಾಗಿದ್ದವನು ಇಪ್ಪತ್ತೇಳನೆಯ ವಾರದಲ್ಲಿ ಯಾಚಕನಾದನು. ೧೯೪೨ರ ವರದಿಯಲ್ಲಿ ಬೆವರಿಜ್ ನಿರುದ್ಯೋಗ ಪರಿಹಾರಕ್ಕೆ ಕಾಲಮಿತಿ ಇರಬಾರದೆಂದೂ, ದೀರ್ಘಕಾಲ ಕೆಲಸವಿಲ್ಲದವರು ತರಬೇತಿಗೆ ಹಾಜರಾಗಬೇಕೆಂಬ ನಿಬಂಧನೆಯೊಂದಿಗೆ ಅದನ್ನು ಮುಂದುವರಿಸಬೇಕೆಂದೂ ಸಲಹೆಮಾಡಿದುದು ಈ ಅನುಭವದ ಫಲವೆಂದು ನಾವು ಭಾವಿಸುತ್ತೇವೆ. ಆದರೆ ೧೯೪೬ರ ಶಾಸನವು ಆ ಸಲಹೆಯನ್ನು ಒಪ್ಪದೆ ೧೮೦ ದಿನಗಳ ಮಿತಿಯನ್ನು ಇಟ್ಟುಕೊಂಡಿತು.

೩

ಅಮೆರಿಕದಲ್ಲಿ ಮೊದಲ ನಿರುದ್ಯೋಗ ಪರಿಹಾರ ಶಾಸನವನ್ನು ವಿಸ್ಕಾನ್ಸಿನ್ ರಾಜ್ಯವು ೧೯೩೨ರ ಜನವರಿಯಲ್ಲಿ ಅಂಗೀಕರಿಸಿತು. ಅರ್ಥಶಾಸ್ತ್ರಜ್ಞ ಜಾನ್ ಕಾಮನ್ಸನೂ ಅವನ ಶಿಷ್ಯರೂ ಅದಕ್ಕೆ ಬೌದ್ಧಿಕ ಬಲವಾಗಿದ್ದರು. ೧೯೩೫ರ ಆಗಸ್ಟ್ ೧೪ರಂದು ಅಧ್ಯಕ್ಷ ರೂಸ್‌ವೆಲ್ಟರ ಅಂಕಿತ ಪಡೆದ ಸಾಮಾಜಿಕ ಭದ್ರತಾ ಶಾಸನವು ಇಡೀ ದೇಶಕ್ಕೆ ಒಂದೇ ವಿಮೆಯನ್ನು ಸ್ಥಾಪಿಸಲಿಲ್ಲ. ಅದು ಮಾಲೀಕರ ಮೇಲೆ ಕೇಂದ್ರ ತೆರಿಗೆಯೊಂದನ್ನು ವಿಧಿಸಿ, ಯಾವ ರಾಜ್ಯವು ತನ್ನದೇ ಪರಿಹಾರ ಶಾಸನವನ್ನು ಮಾಡುವುದೋ ಆ ರಾಜ್ಯದ ಮಾಲೀಕರಿಗೆ ಆ ತೆರಿಗೆಯ ಶೇಕಡ ೯೦ರವರೆಗೆ ವಿನಾಯಿತಿ ಕೊಟ್ಟಿತು. ೧೯೩೭ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಏರ್ಪಾಡನ್ನು ಎತ್ತಿಹಿಡಿಯಿತು. ಆ ವರ್ಷ ಮುಗಿಯುವುದರೊಳಗೆ ಎಲ್ಲ ರಾಜ್ಯಗಳೂ ಶಾಸನಗಳನ್ನು ಮಾಡಿಕೊಂಡಿದ್ದುವು. ಆದುದರಿಂದ ಇಂದಿಗೂ ಪರಿಹಾರದ ಮೊತ್ತ, ಅವಧಿ, ಅರ್ಹತೆಯ ವಿವರಗಳು ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿವೆ. ಆದರೂ ಎಲ್ಲಕ್ಕೂ ಸಮಾನವಾದ ಒಂದು ಚೌಕಟ್ಟು ಉಂಟು. ಆ ಚೌಕಟ್ಟಿನ ಎರಡು ಮುಖ್ಯ ಅಂಗಗಳು ‘ಆಧಾರಾವಧಿ’ ಮತ್ತು ‘ಸೌಲಭ್ಯ ವರ್ಷ’.

ಆಧಾರಾವಧಿಯೆಂದರೆ ಕೋರಿಕೆದಾರನ ಹಿಂದಿನ ಗಳಿಕೆಯನ್ನು ಅಳೆಯುವ ಕಾಲ. ಸಾಮಾನ್ಯವಾಗಿ ಅರ್ಜಿಯ ದಿನಕ್ಕೆ ಹಿಂದೆ ಪೂರ್ಣಗೊಂಡ ಐದು ತ್ರೈಮಾಸಿಕಗಳಲ್ಲಿ ಮೊದಲಿನ ನಾಲ್ಕನ್ನು ಇದಕ್ಕೆ ಪರಿಗಣಿಸುತ್ತಾರೆ. ತೀರ ಹತ್ತಿರದ ತ್ರೈಮಾಸಿಕವನ್ನು ಬಿಡುವುದಕ್ಕೆ ಕಾರಣ ಸರಳವಾದುದು: ಮಾಲೀಕರು ತ್ರೈಮಾಸಿಕಕ್ಕೊಮ್ಮೆ ವೇತನದ ಪಟ್ಟಿ ಸಲ್ಲಿಸುತ್ತಾರೆ, ಅದು ಕಚೇರಿಯ ದಾಖಲೆಗೆ ಏರಲು ಕಾಲ ಹಿಡಿಯುತ್ತದೆ. ಸೌಲಭ್ಯ ವರ್ಷವೆಂದರೆ ಅರ್ಜಿ ಮಾನ್ಯವಾದ ವಾರದಿಂದ ಮೊದಲ್ಗೊಂಡು ಸಾಮಾನ್ಯವಾಗಿ ೫೨ ವಾರಗಳ ಕಾಲ. ಇದು ಪಂಚಾಂಗದ ವರ್ಷವೂ ಅಲ್ಲ, ಸರ್ಕಾರದ ಆಯವ್ಯಯದ ವರ್ಷವೂ ಅಲ್ಲ. ಒಬ್ಬೊಬ್ಬ ಕೋರಿಕೆದಾರನಿಗೂ ಅವನದೇ ಆದ ವರ್ಷ. ಆ ವರ್ಷದೊಳಗೆ ಅವನು ಪಡೆಯಬಹುದಾದ ಒಟ್ಟು ಮೊತ್ತವನ್ನು ಆರಂಭದಲ್ಲಿಯೇ ನಿಗದಿಮಾಡುತ್ತಾರೆ. ಬಹುತೇಕ ರಾಜ್ಯಗಳಲ್ಲಿ ಪೂರ್ಣ ಪರಿಹಾರದ ಗರಿಷ್ಠ ಮಿತಿ ೨೬ ವಾರಗಳಷ್ಟಿದ್ದಿತು. ೨೦೧೧ರಿಂದೀಚೆಗೆ ಕೆಲವು ರಾಜ್ಯಗಳು ಅದನ್ನು ಕಡಿಮೆ ಮಾಡಿದುವು.

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಮೊತ್ತ ತೀರುವುದು ಒಂದು, ವರ್ಷ ಮುಗಿಯುವುದು ಇನ್ನೊಂದು. ಎಡೆಬಿಡದೆ ಪರಿಹಾರ ಪಡೆದವನಿಗೆ ೨೬ ವಾರಗಳಲ್ಲಿ ಮೊತ್ತ ತೀರಿಹೋಗುತ್ತದೆ. ವರ್ಷದ ಉಳಿದ ೨೬ ವಾರಗಳಲ್ಲಿ ಅವನು ಹೊಸ ಕೋರಿಕೆ ಹೂಡಲಾರನು. ನಡುನಡುವೆ ಕೆಲಸ ಸಿಕ್ಕಿ ಬಿಟ್ಟು ಬಿಟ್ಟು ಪರಿಹಾರ ಪಡೆದವನಿಗಾದರೋ ವರ್ಷ ಮುಗಿಯುವಾಗಲೂ ಮೊತ್ತ ಉಳಿದಿರಬಹುದು. ಆದರೆ ವರ್ಷದ ಗಡಿ ದಾಟಿದೊಡನೆ ಆ ಉಳಿಕೆಯನ್ನು ಪಡೆಯುವ ಹಕ್ಕು ನಿಂತುಹೋಗುತ್ತದೆ. ಅವನು ಹೊಸ ಅರ್ಜಿ ಹಾಕಬೇಕು, ಹೊಸ ಆಧಾರಾವಧಿಯ ಗಳಿಕೆಯನ್ನು ತೋರಿಸಬೇಕು. ಜನರು ‘ನವೀಕರಣ’ ಎಂದು ಕರೆಯುವುದು ಇದನ್ನೇ. ವಾಸ್ತವವಾಗಿ ಇದು ಹಳೆಯ ಹಕ್ಕಿನ ನವೀಕರಣವಲ್ಲ. ಹಳೆಯದು ಸತ್ತು ಹೊಸದು ಹುಟ್ಟಬಲ್ಲುದೋ ಇಲ್ಲವೋ ಎಂಬ ಪರೀಕ್ಷೆ. ವಾರವಾರವೂ ನಿಷ್ಠೆಯಿಂದ ಪ್ರಮಾಣಪತ್ರ ಸಲ್ಲಿಸುತ್ತ ಬಂದವನು ಐವತ್ತಮೂರನೆಯ ವಾರದಲ್ಲಿ ಹಣ ನಿಂತುದನ್ನು ಕಂಡು ಬೆರಗಾಗುವುದು ಈ ಭೇದವನ್ನು ಅರಿಯದುದರಿಂದ.

೪

ವಿಷಯ ಸ್ಪಷ್ಟವಾಗಲು ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದೇ ಕಾರ್ಖಾನೆಯಲ್ಲಿ ವಾರಕ್ಕೆ ೮೦೦ ಡಾಲರು ಗಳಿಸುತ್ತಿದ್ದ ಇಬ್ಬರು ಕಾರ್ಮಿಕರು ೨೦೦೯ರ ಮಾರ್ಚ್ ಕೊನೆಯಲ್ಲಿ ಕೆಲಸ ಕಳೆದುಕೊಂಡು ಏಪ್ರಿಲ್ ಮೊದಲ ವಾರದಲ್ಲಿ ಅರ್ಜಿ ಹಾಕಿದರೆಂದು ಭಾವಿಸೋಣ. ಅವರ ಆಧಾರಾವಧಿಯು ೨೦೦೮ರ ಜನವರಿಯಿಂದ ಡಿಸೆಂಬರ್‌ವರೆಗೆ. ಪ್ರತಿ ತ್ರೈಮಾಸಿಕದ ಗಳಿಕೆ ೧೦,೪೦೦ ಡಾಲರು. ಅತಿ ಹೆಚ್ಚು ಗಳಿಕೆಯ ಎರಡು ತ್ರೈಮಾಸಿಕಗಳ ಮೊತ್ತವನ್ನು ೫೨ರಿಂದ ಭಾಗಿಸಿ ವಾರದ ಪರಿಹಾರವನ್ನು ನಿರ್ಧರಿಸುವ ಕ್ರಮವಿದ್ದರೆ ಇಬ್ಬರಿಗೂ ವಾರಕ್ಕೆ ೪೦೦ ಡಾಲರು ಸಲ್ಲುತ್ತದೆ. ಅವರ ಸೌಲಭ್ಯ ವರ್ಷವು ೨೦೧೦ರ ಏಪ್ರಿಲ್ ಆರಂಭಕ್ಕೆ ಮುಗಿಯುತ್ತದೆ. ಆಗ ಹೊಸ ಅರ್ಜಿ ಹಾಕಿದರೆ ಹೊಸ ಆಧಾರಾವಧಿಯು ೨೦೦೯ರ ಜನವರಿಯಿಂದ ಡಿಸೆಂಬರ್‌ವರೆಗೆ ಆಗುತ್ತದೆ.

ಇದರಲ್ಲಿ ಒಂದು ವೈಚಿತ್ರ್ಯವುಂಟು. ೨೦೦೯ರ ಜನವರಿಯಿಂದ ಮಾರ್ಚ್‌ವರೆಗೆ ಈ ಇಬ್ಬರೂ ಪೂರ್ಣ ವೇತನಕ್ಕೆ ದುಡಿದಿದ್ದರು. ಆ ಗಳಿಕೆಯು ಮೊದಲ ಅರ್ಜಿಯ ಲೆಕ್ಕಕ್ಕೆ ಬರಲಿಲ್ಲ, ಏಕೆಂದರೆ ಅದು ಬಿಟ್ಟುಬಿಡಬೇಕಾದ ಐದನೆಯ ತ್ರೈಮಾಸಿಕದಲ್ಲಿದ್ದಿತು. ಎರಡನೆಯ ಅರ್ಜಿಯಲ್ಲಿ ಅದೇ ಗಳಿಕೆ ಲೆಕ್ಕಕ್ಕೆ ಬರುತ್ತದೆ. ಅರ್ಥಾತ್, ವರ್ಷವಿಡೀ ಒಂದು ದಿನವೂ ದುಡಿಯದವನು ಕೂಡ, ಕೆಲಸ ಹೋಗುವ ಮುನ್ನಿನ ಕೆಲವು ತಿಂಗಳ ಗಳಿಕೆಯು ಸಾಕಷ್ಟಿದ್ದರೆ, ಒಂದೇ ನಿರುದ್ಯೋಗಕ್ಕೆ ಎರಡನೆಯ ಸಲ ಪರಿಹಾರ ಪಡೆಯಬಹುದಾಗಿದ್ದಿತು. ಕಚೇರಿಯ ದಾಖಲೆಯ ವಿಳಂಬದಿಂದ ಹುಟ್ಟಿದ ಈ ಬಿರುಕನ್ನು ಮುಚ್ಚಲು ೧೯೭೦ರ ಉದ್ಯೋಗ ಭದ್ರತಾ ತಿದ್ದುಪಡಿಗಳು ಎಲ್ಲ ರಾಜ್ಯಗಳ ಮೇಲೂ ಒಂದು ಷರತ್ತನ್ನು ಹೊರಿಸಿದುವು: ಒಂದು ಸೌಲಭ್ಯ ವರ್ಷದಲ್ಲಿ ಪರಿಹಾರ ಪಡೆದವನು ಮುಂದಿನ ಸೌಲಭ್ಯ ವರ್ಷಕ್ಕೆ ಅರ್ಹನಾಗಬೇಕಾದರೆ ಮೊದಲ ವರ್ಷದ ಆರಂಭದ ಅನಂತರ ಕೆಲಸ ಮಾಡಿರಬೇಕು. ಎಷ್ಟು ಕೆಲಸ ಎಂಬುದನ್ನು ರಾಜ್ಯಗಳು ನಿರ್ಧರಿಸುತ್ತವೆ. ವಾರದ ಪರಿಹಾರದ ಇಂತಿಷ್ಟು ಪಟ್ಟು ಗಳಿಸಿರಬೇಕೆಂಬ ನಿಯಮ ಹಲವೆಡೆ ಇದೆ.

ಈ ಷರತ್ತಿನ ಹಿಂದಿನ ತರ್ಕವನ್ನು ಅಲ್ಲಗಳೆಯುವಂತಿಲ್ಲ. ವಿಮೆಯೆಂದ ಮೇಲೆ ಒಂದೇ ನಷ್ಟಕ್ಕೆ ಎರಡು ಸಲ ಪರಿಹಾರ ಕೊಡಲಾಗದು. ಮತ್ತು ನಿರುದ್ಯೋಗ ವಿಮೆಯು ದುಡಿಮೆಯೊಡನೆ ಸಂಬಂಧ ಉಳಿಸಿಕೊಂಡವರಿಗೆಂದೇ ಏರ್ಪಟ್ಟುದು. ಆದರೆ ಈ ತರ್ಕವು ಕೆಲಸವು ಎಲ್ಲಿಯೋ ಇದೆ, ಹುಡುಕಿದರೆ ಸಿಕ್ಕುತ್ತದೆ ಎಂಬ ಊಹೆಯ ಮೇಲೆ ನಿಂತಿದೆ. ಸಾಧಾರಣ ಕಾಲದಲ್ಲಿ ಈ ಊಹೆ ಸರಿಯಾಗಿರಬಹುದು. ೧೯೨೧ರ ಬ್ರಿಟನ್ನಿನಂತೆ ೨೦೦೯ರ ಅಮೆರಿಕದಲ್ಲಿಯೂ ಅದು ಸುಳ್ಳಾಯಿತು.

೫

ಆರ್ಥಿಕ ಕುಸಿತದ ಕಾಲಗಳಲ್ಲಿ ಅಮೆರಿಕದ ಕೇಂದ್ರ ಸರ್ಕಾರವು ರಾಜ್ಯಗಳ ಪರಿಹಾರಕ್ಕೆ ಮೇಲೆ ಹೆಚ್ಚುವರಿ ವಾರಗಳನ್ನು ಸೇರಿಸುವ ರೂಢಿ ೧೯೫೮ರಿಂದ ಬಂದಿದೆ. ೧೯೭೦ರ ತಿದ್ದುಪಡಿಗಳು ಇದಕ್ಕೆ ಶಾಶ್ವತ ರೂಪವೊಂದನ್ನೂ ಕೊಟ್ಟುವು. ೨೦೦೮ರ ಜೂನ್ ೩೦ರಂದು ಅಂಗೀಕೃತವಾದ ತುರ್ತು ಪರಿಹಾರ ಯೋಜನೆಯು ಪದೇ ಪದೇ ವಿಸ್ತರಿಸಲ್ಪಟ್ಟು, ಅತಿ ಹೆಚ್ಚು ನಿರುದ್ಯೋಗವಿದ್ದ ರಾಜ್ಯಗಳಲ್ಲಿ ಎಲ್ಲವೂ ಸೇರಿ ೯೯ ವಾರಗಳವರೆಗೆ ಪರಿಹಾರ ದೊರೆಯುವಂತಾಯಿತು. ಈ ಹೆಚ್ಚುವರಿ ವಾರಗಳಿಗೆ ಒಂದು ನಿಬಂಧನೆ ಇದ್ದಿತು: ರಾಜ್ಯದ ಸಾಮಾನ್ಯ ಪರಿಹಾರಕ್ಕೆ ಹಕ್ಕಿಲ್ಲದವನಿಗೆ ಮಾತ್ರ ಅವು ಸಲ್ಲುವುವು. ಸೌಲಭ್ಯ ವರ್ಷ ಮುಗಿದಾಗ ಹೊಸ ಸಾಮಾನ್ಯ ಹಕ್ಕು ಹುಟ್ಟುವಂತಿದ್ದರೆ, ಕೋರಿಕೆದಾರನು ಹೆಚ್ಚುವರಿ ಪರಿಹಾರವನ್ನು ಬಿಟ್ಟು ಹೊಸ ಹಕ್ಕಿಗೆ ಹೋಗಲೇಬೇಕು.

ನಮ್ಮ ಇಬ್ಬರು ಕಾರ್ಮಿಕರಿಗೆ ಮರಳೋಣ. ಮೊದಲನೆಯವನು ಆ ವರ್ಷದಲ್ಲಿ ಯಾವ ಕೆಲಸವನ್ನೂ ಮಾಡಲಿಲ್ಲ. ಎರಡನೆಯವನು ೨೦೦೯ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಒಂದು ಅಂಗಡಿಯಲ್ಲಿ ದಿನಕ್ಕೆ ಕೆಲವು ಗಂಟೆ ದುಡಿದು ವಾರಕ್ಕೆ ೧೬೦ ಡಾಲರಿನಂತೆ ೧೩ ವಾರಗಳಲ್ಲಿ ೨,೦೮೦ ಡಾಲರು ಗಳಿಸಿದನು. ಆ ವಾರಗಳಲ್ಲಿ ಅವನ ಪರಿಹಾರವೂ ಅದಕ್ಕೆ ತಕ್ಕಂತೆ ಇಳಿದಿದ್ದಿತು. ೨೦೧೦ರ ಏಪ್ರಿಲ್‌ನಲ್ಲಿ ಇಬ್ಬರ ವರ್ಷವೂ ಮುಗಿಯಿತು. ಮೊದಲನೆಯವನಿಗೆ ೧೯೭೦ರ ಷರತ್ತಿನಿಂದಾಗಿ ಹೊಸ ಹಕ್ಕು ಹುಟ್ಟಲಿಲ್ಲ. ಆದಕಾರಣ ಅವನು ಹಳೆಯ ದರದಲ್ಲಿಯೇ, ವಾರಕ್ಕೆ ೪೦೦ ಡಾಲರಿನಂತೆ, ಕೇಂದ್ರದ ಹೆಚ್ಚುವರಿ ಪರಿಹಾರವನ್ನು ಪಡೆಯುತ್ತ ಹೋದನು. ಎರಡನೆಯವನ ಗಳಿಕೆಯು ಪುನರರ್ಹತೆಗೆ ಸಾಕಾಯಿತು. ಅವನ ಹೊಸ ಲೆಕ್ಕದಲ್ಲಿ ೧೦,೪೦೦ ಮತ್ತು ೨,೦೮೦ ಸೇರಿ ೧೨,೪೮೦. ಅದನ್ನು ೫೨ರಿಂದ ಭಾಗಿಸಲು ವಾರಕ್ಕೆ ೨೪೦ ಡಾಲರು. ಏನನ್ನೂ ಮಾಡದವನಿಗೆ ೪೦೦, ಸಿಕ್ಕಿದ ಕೆಲಸವನ್ನು ಮಾಡಿದವನಿಗೆ ೨೪೦. ದುಡಿಮೆಯೊಡನೆ ಸಂಬಂಧ ಉಳಿಸಿಕೊಂಡವರಿಗಾಗಿ ಏರ್ಪಟ್ಟ ಶಾಸನವು ಆ ಸಂಬಂಧವನ್ನು ಉಳಿಸಿಕೊಂಡವನನ್ನೇ ದಂಡಿಸಿತು.

ಇಂಥ ಫಲವನ್ನು ಯಾರೂ ಉದ್ದೇಶಿಸಿರಲಿಲ್ಲ. ಪ್ರತ್ಯೇಕವಾಗಿ ನೋಡಿದರೆ ಪ್ರತಿಯೊಂದು ನಿಯಮವೂ ಸಯುಕ್ತಿಕವಾಗಿದೆ. ಹೊಸ ವರ್ಷಕ್ಕೆ ಹೊಸ ಗಳಿಕೆಯ ಆಧಾರ ಬೇಕೆಂಬುದು ಸರಿ. ಎರಡು ಸಲ ಪರಿಹಾರ ಕೂಡದೆಂಬುದು ಸರಿ. ಸಾಮಾನ್ಯ ಹಕ್ಕು ಇದ್ದವನಿಗೆ ತುರ್ತು ಹಣ ಬೇಡವೆಂಬುದೂ ಸರಿ. ಮೂರು ಸರಿಯಾದ ನಿಯಮಗಳು ವರ್ಷದ ಗಡಿಯಲ್ಲಿ ಒಂದಾಗಿ ಸೇರಿದಾಗ ಅನ್ಯಾಯವೊಂದು ಹುಟ್ಟಿತು. ಶಾಸನಗಳ ಚರಿತ್ರೆಯನ್ನು ಓದುವವರು ಒಂದೊಂದು ವಿಧಿಯನ್ನು ಅದರ ಉದ್ದೇಶದಿಂದ ಮಾತ್ರ ಅಳೆಯದೆ, ಅವೆಲ್ಲವೂ ಒಬ್ಬ ಮನುಷ್ಯನ ಮೇಲೆ ಒಟ್ಟಿಗೆ ಬೀಳುವ ಜಾಗದಲ್ಲಿ ನಿಂತು ನೋಡಬೇಕೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

೨೦೧೦ರ ಜುಲೈ ೨೨ರಂದು ಅಂಗೀಕೃತವಾದ ಕೇಂದ್ರ ಶಾಸನವು ಈ ದೋಷವನ್ನು ತಿದ್ದಲು ಯತ್ನಿಸಿತು. ಹೊಸ ಕೋರಿಕೆಯ ವಾರದ ಪರಿಹಾರವು ಹಳೆಯದಕ್ಕಿಂತ ೧೦೦ ಡಾಲರಿನಷ್ಟು ಅಥವಾ ಶೇಕಡ ೨೫ರಷ್ಟು ಕಡಿಮೆಯಾಗುವಂತಿದ್ದರೆ, ಕೋರಿಕೆದಾರನು ಹಳೆಯ ದರದ ಹೆಚ್ಚುವರಿ ಪರಿಹಾರದಿಂದ ವಂಚಿತನಾಗದಂತೆ ರಾಜ್ಯಗಳು ವ್ಯವಸ್ಥೆಮಾಡಬೇಕೆಂದು ಅದು ವಿಧಿಸಿತು. ಆದರೆ ಈ ರಕ್ಷಣೆಯು ಶಾಸನ ಜಾರಿಯಾದ ಅನಂತರ ಸೌಲಭ್ಯ ವರ್ಷ ಮುಗಿಯುವವರಿಗೆ ಮಾತ್ರ. ನಮ್ಮ ಉದಾಹರಣೆಯ ಎರಡನೆಯ ಕಾರ್ಮಿಕನ ವರ್ಷವು ಏಪ್ರಿಲ್‌ನಲ್ಲಿಯೇ ಮುಗಿದುದರಿಂದ ಅವನಿಗೆ ಇದು ಒದಗುತ್ತಿರಲಿಲ್ಲ; ಆಗಸ್ಟ್‌ನಲ್ಲಿ ಮುಗಿದಿದ್ದರೆ ಒದಗುತ್ತಿದ್ದಿತು. ಒಂದು ವರ್ಷರೇಖೆಯ ತೊಡಕನ್ನು ಬಿಡಿಸಲು ಇನ್ನೊಂದು ದಿನಾಂಕದ ರೇಖೆಯನ್ನು ಎಳೆಯಬೇಕಾಯಿತೆಂಬುದು ಗಮನಾರ್ಹ.

೬

ಹತ್ತು ವರ್ಷಗಳ ಅನಂತರ ಇದೇ ಪ್ರಶ್ನೆ ಹಿಂದೆಂದೂ ಕಾಣದ ಪ್ರಮಾಣದಲ್ಲಿ ಮರಳಿತು. ೨೦೨೦ರ ಮಾರ್ಚ್‌ನಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ಅಂಗಡಿ, ಹೋಟೆಲು, ಕಾರ್ಖಾನೆಗಳು ಮುಚ್ಚಿದಾಗ ಅಮೆರಿಕದಲ್ಲಿ ಒಂದೊಂದು ವಾರದಲ್ಲಿಯೇ ಐವತ್ತು ಲಕ್ಷಕ್ಕೂ ಮಿಗಿಲಾದ ಹೊಸ ಅರ್ಜಿಗಳು ಬಂದುವು. ಮಾರ್ಚ್ ೨೭ರ ಶಾಸನವು ವಾರಕ್ಕೆ ೬೦೦ ಡಾಲರಿನ ಹೆಚ್ಚುವರಿ ಹಣವನ್ನೂ, ಸಾಮಾನ್ಯ ಪರಿಹಾರ ತೀರಿದವರಿಗೆ ೧೩ ವಾರಗಳ ತುರ್ತು ಪರಿಹಾರವನ್ನೂ, ವಿಮೆಯ ವ್ಯಾಪ್ತಿಗೆ ಬಾರದ ಸ್ವಂತ ಉದ್ಯೋಗಿಗಳಿಗೆ ಪ್ರತ್ಯೇಕ ಸಹಾಯವನ್ನೂ ಏರ್ಪಡಿಸಿತು. ಬೇರೆ ಕಾಲದಲ್ಲಿ ಸೌಲಭ್ಯ ವರ್ಷಗಳು ಒಬ್ಬೊಬ್ಬರಿಗೆ ಒಂದೊಂದು ದಿನ ಮುಗಿಯುವುದರಿಂದ ಕಚೇರಿಯ ಕೆಲಸ ವರ್ಷವಿಡೀ ಹಂಚಿಹೋಗುತ್ತದೆ. ಲಕ್ಷಾಂತರ ಜನರು ಕೆಲವೇ ವಾರಗಳಲ್ಲಿ ಕೋರಿಕೆ ಹೂಡಿದುದರ ಫಲವಾಗಿ ಅವರ ವರ್ಷಗಳೂ ೨೦೨೧ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಒಟ್ಟಿಗೆ ಮುಗಿದುವು.

ಆ ವೇಳೆಗೆ ಹಿಂದಿನ ಪಾಠವು ಪೂರ್ತಿ ಮರೆತುಹೋಗಿರಲಿಲ್ಲ. ೨೦೨೦ರ ಡಿಸೆಂಬರ್ ೨೭ರ ಶಾಸನವು ೨೦೧೦ರ ರಕ್ಷಣೆಯನ್ನು ಮತ್ತೆ ತಂದಿತು. ಹೊಸ ಪರಿಹಾರವು ಹಳೆಯದಕ್ಕಿಂತ ೨೫ ಡಾಲರಿನಷ್ಟು ಕಡಿಮೆಯಾದರೂ ಸಾಕು, ರಕ್ಷಣೆ ಅನ್ವಯಿಸುವಂತೆ ಅದನ್ನು ಉದಾರಗೊಳಿಸಿತು. ಆದರೆ ಶಾಸನದ ಪುಟದಲ್ಲಿರುವ ರಕ್ಷಣೆಯು ಜನರ ಕೈಗೆ ಮುಟ್ಟಬೇಕಾದರೆ ಪ್ರತಿಯೊಬ್ಬನ ಹಳೆಯ ದರ, ಹೊಸ ಗಳಿಕೆ, ಬೇರೆ ರಾಜ್ಯದಲ್ಲಿ ದುಡಿದಿದ್ದರೆ ಆ ದಾಖಲೆ, ಎಲ್ಲವನ್ನೂ ಹೊಸದಾಗಿ ಪರಿಶೀಲಿಸಬೇಕಾಗಿದ್ದಿತು. ಹಕ್ಕು ಉಳಿದಿದ್ದರೂ ಅದನ್ನು ಗುರುತಿಸುವ ಕಚೇರಿಯ ಕೆಲಸ ಮುಗಿಯುವವರೆಗೆ ಹಣ ತಡೆಯುವ ಸಂಭವವಿರುತ್ತದೆ. ಬಾಡಿಗೆಯ ಗಡುವಾದರೋ ತಡೆಯುವುದಿಲ್ಲ. ೨೦೨೧ರ ಮಾರ್ಚ್‌ನ ಶಾಸನವು ಈ ಯೋಜನೆಗಳನ್ನು ಮುಂದುವರಿಸಿತು. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅವಧಿಗೆ ಮೊದಲೇ ಅವುಗಳಿಂದ ಹಿಂದೆ ಸರಿದುವು. ಉಳಿದೆಡೆಗಳಲ್ಲಿ ಅವು ಅದೇ ವರ್ಷದ ಸೆಪ್ಟೆಂಬರ್ ಮೊದಲ ವಾರದಲ್ಲಿ ಕೊನೆಗೊಂಡುವು.

೭

ಈ ವಿಚಾರವು ನಮ್ಮ ದೇಶಕ್ಕೆ ತೀರ ದೂರವಾದುದಲ್ಲ. ೧೯೪೮ರ ಶಾಸನದಿಂದ ಹುಟ್ಟಿ ೧೯೫೨ರಲ್ಲಿ ಕಾನಪುರ ಮತ್ತು ದೆಹಲಿಗಳಲ್ಲಿ ಮೊದಲು ಆರಂಭವಾದ ಕಾರ್ಮಿಕರ ರಾಜ್ಯ ವಿಮೆಯಲ್ಲಿ ವಂತಿಗೆಯ ಅವಧಿ, ಸೌಲಭ್ಯದ ಅವಧಿ ಎಂಬ ಎರಡು ಕಾಲಗಳು ರೂಢಿಗೆ ಬಂದುವು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆಯು ಮುಂದಿನ ಜನವರಿಯಿಂದ ಜೂನ್‌ವರೆಗಿನ ಕಾಯಿಲೆಯ ಭತ್ಯಕ್ಕೆ ಆಧಾರ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದು ಜುಲೈಯಿಂದ ಡಿಸೆಂಬರ್‌ವರೆಗೆ. ಒಂದು ವಂತಿಗೆಯ ಅವಧಿಯಲ್ಲಿ ೭೮ ದಿನದ ವಂತಿಗೆ ಇಲ್ಲದಿದ್ದರೆ ಅದಕ್ಕೆ ಸಂಬಂಧಿಸಿದ ಸೌಲಭ್ಯದ ಅವಧಿಯಲ್ಲಿ ಭತ್ಯವಿಲ್ಲ. ನಡುವಿನ ಮೂರು ತಿಂಗಳ ಅಂತರವು ಅಮೆರಿಕದ ಬಿಟ್ಟ ತ್ರೈಮಾಸಿಕದಂತೆಯೇ ಕಾಣುತ್ತದೆ. ಬೆಂಗಳೂರಿನ ಕಾರ್ಖಾನೆಗಳ ಕಾರ್ಮಿಕರಿಗೆ ಈ ಲೆಕ್ಕ ಪರಿಚಿತವಾದುದು. ನಮ್ಮ ವಿದ್ಯಾರ್ಥಿಗಳಲ್ಲಿಯೂ ಅಂಥ ಮನೆಗಳಿಂದ ಬಂದವರುಂಟು.

ನಿರುದ್ಯೋಗದ ವಿಷಯದಲ್ಲಾದರೋ ಭಾರತದ ಏರ್ಪಾಡು ಬೇರೆ. ವಿಮೆಗೊಳಪಟ್ಟ ಕಾರ್ಮಿಕರಿಗಾಗಿ ೨೦೦೫ರಲ್ಲಿ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯೂ ೨೦೧೮ರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯೂ ಬಂದುವು. ಎರಡನೆಯದು ಮೂಲರೂಪದಲ್ಲಿ ಸರಾಸರಿ ವೇತನದ ಶೇಕಡ ೨೫ರಷ್ಟನ್ನು ೯೦ ದಿನಗಳವರೆಗೆ, ಜೀವಮಾನದಲ್ಲಿ ಒಂದು ಸಲ ಮಾತ್ರ, ಕೊಡುವಂತೆ ವಿಧಿಸಿತು. ಸಾಂಕ್ರಾಮಿಕದ ಕಾಲದಲ್ಲಿ ಈ ಪ್ರಮಾಣವನ್ನು ಶೇಕಡ ೫೦ಕ್ಕೆ ಏರಿಸಲಾಯಿತು. ಕರ್ನಾಟಕ ಸರ್ಕಾರವು ೨೦೨೪ರ ಜನವರಿಯಲ್ಲಿ ಜಾರಿಗೆ ತಂದ ಯುವನಿಧಿಯು ಕೆಲಸ ದೊರೆಯದ ಪದವೀಧರರಿಗೆ ತಿಂಗಳಿಗೆ ೩,೦೦೦ ರೂಪಾಯಿಯನ್ನೂ ಡಿಪ್ಲೊಮಾ ಪಡೆದವರಿಗೆ ೧,೫೦೦ ರೂಪಾಯಿಯನ್ನೂ ಗರಿಷ್ಠ ಎರಡು ವರ್ಷಗ ಕಾಲ ನೀಡುವಂತೆ ರೂಪುಗೊಂಡಿತು. ಇದು ವಂತಿಗೆಯಿಂದ ಹುಟ್ಟಿದ ಹಕ್ಕಲ್ಲ. ಇಂಥ ಏರ್ಪಾಡುಗಳಲ್ಲಿ ಹಕ್ಕನ್ನು ಮತ್ತೆ ಗಳಿಸಿಕೊಳ್ಳುವ ದಾರಿ ಇಲ್ಲದುದರಿಂದ ನಾವು ಮೇಲೆ ವಿವರಿಸಿದ ತೊಡಕುಗಳೂ ಇಲ್ಲ. ಒಮ್ಮೆ ತೀರಿತೆಂದರೆ ತೀರಿತು. ತೊಡಕಿಲ್ಲದಿರುವುದು ಯಾವಾಗಲೂ ಗುಣವಲ್ಲವೆಂಬುದನ್ನು ವಾಚಕರೇ ಊಹಿಸಬಹುದು.

೮

ಈವರೆಗಿನ ವಿವೇಚನೆಯಿಂದ ತಿಳಿದುಬರುವುದೇನೆಂದರೆ, ವರ್ಷ ಮುಗಿದ ಮೇಲೂ ಕೆಲಸ ದೊರೆಯದವನ ಪ್ರಶ್ನೆಗೆ ಶಾಸನಗಳು ಮೂರು ಬಗೆಯ ಉತ್ತರಗಳನ್ನು ಕೊಟ್ಟಿವೆ. ನೀನು ಎಷ್ಟು ವಂತಿಗೆ ಕಟ್ಟಿದ್ದೀಯೆ ಎಂದು ೧೯೧೧ರ ಶಾಸನ ಕೇಳಿತು. ನಿನ್ನ ಮನೆಯಲ್ಲಿ ಏನು ಉಳಿದಿದೆ ಎಂದು ೧೯೩೧ರ ಆದಾಯ ಪರೀಕ್ಷೆ ಕೇಳಿತು. ಈ ವರ್ಷದಲ್ಲಿ ನೀನು ಏನಾದರೂ ದುಡಿದೆಯಾ ಎಂದು ೧೯೭೦ರ ಷರತ್ತು ಕೇಳಿತು. ಮೂರು ಪ್ರಶ್ನೆಗಳೂ ಕೋರಿಕೆದಾರನನ್ನು ಕುರಿತವು. ಕೆಲಸ ಇದ್ದಿತೆ ಎಂಬ ಪ್ರಶ್ನೆಯನ್ನು ಉದ್ಯಮದ ಕಡೆಗೆ ತಿರುಗಿ ಕೇಳಿದುದು ವಿಸ್ತರಣೆಯ ಶಾಸನಗಳು ಮಾತ್ರ, ಅದೂ ಕುಸಿತವು ಕಣ್ಣಿಗೆ ಹೊಡೆದು ಕಂಡ ಮೇಲೆ, ತಾತ್ಕಾಲಿಕವಾಗಿ.

ಐವತ್ತೆರಡು ವಾರಗಳ ಗಡಿಯು ಲೆಕ್ಕಕ್ಕೆ ಅನುಕೂಲವಾದುದು. ಲೆಕ್ಕವಿಲ್ಲದೆ ಯಾವ ವಿಮೆಯೂ ನಡೆಯಲಾರದಾದುದರಿಂದ ಅಂಥ ಗಡಿಯೊಂದು ಬೇಕೇ ಬೇಕು. ಆದರೆ ನಿರುದ್ಯೋಗವು ಆ ಗಡಿಯನ್ನು ಓದಿಕೊಂಡು ಬರುವುದಿಲ್ಲ. ಲೆಕ್ಕದ ಅನುಕೂಲಕ್ಕೆಂದು ಎಳೆದ ಗೆರೆಯು ಯೋಗ್ಯತೆಯ ಗೆರೆಯಾಗಿ ಮಾರ್ಪಡುವಾಗ, ಆ ಮಾರ್ಪಾಡು ಎಲ್ಲಿ ನಡೆಯಿತು, ಯಾರಿಗೆ ನಷ್ಟವಾಯಿತು ಎಂಬುದನ್ನು ಗುರುತಿಸುವುದು ಚರಿತ್ರೆಯ ಅಭ್ಯಾಸಿಗಳ ಕರ್ತವ್ಯಗಳಲ್ಲಿ ಒಂದು. ಇನ್ನು ಮುಂದೆ ತರಗತಿಯಲ್ಲಿ ಏಳು ಷಿಲಿಂಗನ್ನೂ ಹದಿನೈದು ವಾರಗಳನ್ನೂ ಬರೆಯಿಸುವಾಗ ಹದಿನಾರನೆಯ ವಾರದ ಪ್ರಶ್ನೆಯನ್ನೂ ವಿದ್ಯಾರ್ಥಿಗಳ ಮುಂದಿಡುವುದು ಲೇಸೆಂದು ನಮ್ಮ ಅಭಿಪ್ರಾಯ.